ತಗಡಿಗೆ ಎರಡು ಬಡಿತ

ಹಡಗಲಿ, ೧೮-೧೧-೧೯೯೯, ಗುರುವಾರ

ಆ ಕುಕ್ಕರನ್ನು ನೆನೆದರೆ ಇನ್ನೂ ಸಿಟ್ಟು ಬರುತ್ತದೆ. ಮೆಟಡೋರ್ ಹೊರಡಬೇಕಾದರೆ ಹಿಂದೆ ಕೂತ ನಾನು ತಗಡಿಗೆ ಎರಡು ಸಲ ಬಡಿಯಬೇಕು. ಕೊಟ್ಟೂರಿನ ಬಾಡಿಗೆ ಮನೆ ಬಿಟ್ಟು, ಸ್ಟೋವ್ ಕುಕ್ಕರ್ ರಿಪೇರಿ ಮಾಡುತ್ತಾ ಈ ಗಾಡಿಯಲ್ಲೇ ಸಂಸಾರ ಹೂಡಿದಾಗಿನಿಂದ ಅದೇ ನಮ್ಮ ಪದ್ಧತಿ. ಇವತ್ತು ತಂಬ್ರಹಳ್ಳಿಯಲ್ಲಿ ನಾನು ನೀರಿಗೆಂದು ಇಳಿದಿದ್ದೆ. ಒಳಗೆ ಒಂದು ಕುಕ್ಕರ್ ಜಾರಿ ಬಿತ್ತು, ಅದರ ಹಿಂದೆಯೇ ಮುಚ್ಚಳ. ಸರಿಯಾಗಿ ಎರಡು ಸದ್ದು. ನಾನೇ ಬಡಿದೆನೆಂದು ನಮ್ಮವರು ಗಾಡಿ ಹೊರಡಿಸಿಯೇಬಿಟ್ಟರು.

ಕೊಡ ಹಿಡಿದು ಬರಿಗಾಲಲ್ಲಿ ನಿಂತೆ. ಬೋರಿನ ಹತ್ತಿರ ಅರಿವೆ ಒಗೆಯುತ್ತಿದ್ದ ಹೆಂಗಸು, “ನಿಮ್ಮನಿ ಎಲ್ಲೈತಕ್ಕಾ?” ಎಂದಳು.

“ಇಲ್ಲೇ ಇತ್ತವ್ವಾ, ಈಗ ಹೋತು. ತಿರುಗಿ ಬರ್ತೈತಿ,” ಎಂದೆ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಳಗೆ ಹೋಗಿ ರೊಟ್ಟಿ, ಪುಂಡಿಪಲ್ಯ ತಂದುಕೊಟ್ಟಳು. ತಲೆ ಕೆಟ್ಟವಳೆಂದುಕೊಂಡಳೋ ಏನೋ. ಅವಳ ಹೊಟ್ಟೆ ತಣ್ಣಗಿರಲಿ.

ಗಾಡಿ ತಿರುಗಿ ಬಂತು. ಇವರು ಕೊಡ ಇಸಿದುಕೊಂಡು ಒಳಗಿಟ್ಟರು. ಆಮೇಲೆ ಹಡಗಲಿ ಬರುವ ತನಕ ತಿರುವು ತಿರುವಿಗೂ, ಹಿಂದೆ ನಾನಿದ್ದೇನೋ ಇಲ್ಲವೋ ಎಂದು ಕೂಗು: “ಅದೀ ಏನಲೇ?”

“ಅದೀನ್ರಿ.”

ಕೊನೆಗೆ ಸಾಕಾಗಿ ರೇಗಿದೆ. ಆದರೂ ಇಷ್ಟು ಸಲ ನನ್ನನ್ನು ಕೇಳುವವರು ಈ ಜನ್ಮಕ್ಕೆ ಇನ್ಯಾರಿದ್ದಾರೆ.

ಗೊರಕೆ ಹೊಡೆಯುತ್ತಿದ್ದವರು ಈಗ ನಿದ್ದೆಯಲ್ಲೇ ಕೇಳಿದರು: “ಅದೀ ಏನಲೇ?” ಮಾತಾಡಿದರೆ ಎಚ್ಚರವಾದಾರು. ಪೆನ್ನಿನಿಂದ ತಗಡಿಗೆ ಮೆಲ್ಲಗೆ ಎರಡು ಸಲ ಬಡಿದೆ. ಗೊರಕೆ ಮತ್ತೆ ಹೊರಟಿತು.