ಅಡುಗೆಮನೆಗೆ ಪೆಕಾನ್ ಮರ

ಮೇಸ್ತ್ರಿಗಳಿಗೆ ನಮಸ್ಕಾರ.

ನೀವು ಎಷ್ಟೋ ಸಲ ಫೋನ್ ಮಾಡಿದಿರಿ, ನಾನು ಎತ್ತಲಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಮಾತಾಡಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಪುಟ್ಟಿ ಹೋಗಿಬಿಟ್ಟಳು. ಜ್ವರವೆಂದು ಆಸ್ಪತ್ರೆಗೆ ಸೇರಿಸಿದ್ದೆವು, ಮತ್ತೆ ಮನೆಗೆ ಬರಲಿಲ್ಲ. ನನಗಿನ್ನೂ ಅಳು ಬಂದಿಲ್ಲ. ಪಾತ್ರೆ ತೊಳೆಯುತ್ತೇನೆ, ಬಟ್ಟೆ ಮಡಚುತ್ತೇನೆ, ಯಾರಾದರೂ ಬಂದರೆ ಕುಳಿತುಕೊಳ್ಳಿ ಎನ್ನುತ್ತೇನೆ.

ಈಗ ಕೆಲಸದ ವಿಷಯ. ಅವಳ ಗಾಲಿಕುರ್ಚಿ ಎಷ್ಟು ಓಡಾಡಿದರೂ ಸುಲಭಕ್ಕೆ ಸವೆಯದ ಗಟ್ಟಿ ಮರ ಎಂದು ಅಡುಗೆಮನೆಯ ನೆಲಕ್ಕೆ ಪೆಕಾನ್ ಆರಿಸಿದ್ದೆವು. "ಇನ್ನು ಯಾವ ಮರವಾದ್ರೇನು ಬಿಡು" ಅಂದರು ನಮ್ಮ ಯಜಮಾನರು. ನಾನು ಒಪ್ಪಲಿಲ್ಲ. ನೆಲಕ್ಕೂ ಕಪಾಟುಗಳಿಗೂ ಅದೇ ಇರಲಿ.

ಪೆಕಾನ್‌ನಲ್ಲಿ ಎರಡು ಬಣ್ಣ ಬರುತ್ತದೆ, ಬಿಳಿ ಹಲಗೆ, ಕಂದು ಹಲಗೆ ಬೇರೆ ಮಾಡಿ ಒಂದೇ ಬಣ್ಣದವನ್ನು ಹಾಕಲೇ ಎಂದು ಕೇಳಿದ್ದಿರಿ. ಬೇಡ, ಬೆರೆತೇ ಇರಲಿ. ಮರದಂಗಡಿಯಲ್ಲಿ ಅವಳು ಹಲಗೆ ಸವರುತ್ತಾ, "ಅಮ್ಮಾ, ಅರ್ಧಕ್ಕೆ ಬಣ್ಣ ಹಚ್ಚಿ ಬಿಟ್ಟಿರೋ ನಿನ್ ತಲೆ ಥರಾನೇ ಇದೆ ನೋಡು!" ಅಂದಾಗ ನೀವೂ ನಕ್ಕಿದ್ದಿರಿ.

ಅವಳು ತಾನೇ ಅಡುಗೆ ಕಲಿಯಬೇಕೆಂದು ಹಟ ಹಿಡಿದಿದ್ದಕ್ಕೆ ಒಲೆಯ ಕಟ್ಟೆಯನ್ನು ತಗ್ಗಿಸಿ ಅಳತೆ ತೆಗೆದುಕೊಂಡಿದ್ದಿರಿ. ಅದನ್ನು ಎತ್ತರಿಸಬೇಡಿ. ಉಳಿದ ಹಲಗೆಯಲ್ಲಿ ಒಂದು ಸ್ಟೂಲು ಮಾಡಿಕೊಡಿ. ಅವಳ ಕುರ್ಚಿ ನಡುಮನೆಯಲ್ಲೇ ಇದೆ, ಬಂದಾಗ ಅದರ ಎತ್ತರ ಅಳೆದುಕೊಳ್ಳಿ.

ನಾನು ಕೂತೇ ಅಡುಗೆ ಮಾಡುತ್ತೇನೆ.

ಇಂತಿ,
ಪುಟ್ಟಿಯ ಅಮ್ಮ