ಅಪ್ಪಯ್ಯನ ಚಿತೆಗೆ ಬೆಂಕಿ ಕೊಟ್ಟವಳು

ಲೀಲಾಧರ,

ನಿನ್ನೆ ಕೋಡಿಯ ಸ್ಮಶಾನದಲ್ಲಿ ಅಪ್ಪಯ್ಯನ ಚಿತೆಗೆ ನಾನೇ ಬೆಂಕಿ ಕೊಟ್ಟೆ. "ಹೆಣ್ಣ್ ಕೊಳ್ಳಿ ಇಡುದಾ? ನಿನ್ನ್ ತಮ್ಮ ಎಲ್ಲಿ?" ಎಂದು ಚಿಕ್ಕಪ್ಪ ತಡೆದರು. "ಅವ ಬತ್ತಿಲ್ಲೆ" ಎಂದೆ.

ನೆಲದ ಮೇಲಿನ ಸಿಪಾಯಿಗಳೆಲ್ಲ ಸತ್ತರೂ ವಿಮಾನದಿಂದಲೇ ಅಣು ಕ್ಷಿಪಣಿ ಹಾರಿಸುವ ಯಂತ್ರಗಳನ್ನು ಹೊಸದು ಮಾಡಬೇಕು, ಅದಕ್ಕೆ ವಾಷಿಂಗ್ಟನ್ನಿನಲ್ಲಿ ದುಡ್ಡು ಕೇಳುವ ಸಭೆ ಈ ವಾರವೇ ಇದೆ ಎಂದು ನೀನು ಫೋನಿನಲ್ಲಿ ಹೇಳಿದ್ದೆ. "ನಾನಿಲ್ದಿದ್ರೆ ದುಡ್ಡ್ ಸಿಕ್ಕುದಿಲ್ಲ ಅಕ್ಕ" ಎಂದಿದ್ದೆ. ಸಿಕ್ಕಿತೇನೋ, ಪಾಪಿ?

ಕೊನೆಯ ದಿನ ಅಪ್ಪಯ್ಯ "ಅವ ಹೊರಟ್ನಾ?" ಎಂದು ಕೇಳಿದರು. ವಿಮಾನ ಹತ್ತಿದ್ದಾನೆ ಎಂದು ಸುಳ್ಳು ಹೇಳಿದೆ. ಅವರು ನಕ್ಕು, "ಅವ್ನಿಗೆ ಅಂಜಲ್ ಮೀನ್ ತಕಂಡ್ ಬಾ" ಎಂದರು.

ಅವರು ನಕ್ಕರೆಂಬ ಸಮಾಧಾನ ನಿನಗೆ ಸಿಗಬಾರದು. ಅದಕ್ಕೇ ಈ ಪತ್ರ ಕಳಿಸುವುದಿಲ್ಲ.

ಗಿರಿಜಾ