ಬೀಜದ ಗಡಿಗೆಯ ಹುಗ್ಗಿ

ಮುದನಾಳ
ತಾ. 24-8-2025

ಚಿ. ಸೌ. ದೇವಕಮ್ಮನಿಗೆ ನಿನ್ನ ಯಜಮಾನನ ಆಶೀರ್ವಾದಗಳು.

ಸುರಪುರದಲ್ಲಿ ಸುಮಂಗಲಾಳ ಆಪರೇಶನ್ನಿನ ಹೊಲಿಗೆ ಒಣಗಿತೇ? ಮಗಳ ಆರೈಕೆಯಲ್ಲಿ ನಿನ್ನ ಗುಳಿಗೆ ಮರೆಯಬೇಡ. ಜವೆಗೋಧಿ ತಿಂದರೆ ಶುಗರ್ ಬೇಗ ಏರುವುದಿಲ್ಲವೆಂದು ಡಾಕ್ಟರಿಗೇ ಪಾಠ ಹೇಳಿದವಳು ನೀನು. ಅಲ್ಲಿ ಅಂಗಡಿ ಹಿಟ್ಟಿನ ಚಪಾತಿಗೆ ಎಷ್ಟು ಮುಖ ಸಿಂಡರಿಸುತ್ತೀಯೋ ಬಲ್ಲೆ. ಫೋನಿದ್ದೂ ಕಾಗದ ಯಾಕೆ ಅನ್ನಬೇಡ. ನೀನು ಫೋನಿನಲ್ಲಿ ಕೂಗಿದರೆ ಊರಬಾಗಿಲ ಅಗಸಿಯವರೆಗೆ ಕೇಳುತ್ತದೆ. ಈ ಸುದ್ದಿ ಸೊಸೆಯ ಕಿವಿಗೆ ಬೀಳಬಾರದು.

ಶ್ರಾವಣದ ಕಡೆಯ ಸೋಮವಾರ ಪರಿಮಳಾ ಗೋಧಿ ಹುಗ್ಗಿ ಮಾಡಿದಳು. ಶಹಾಪುರದ ಪೇಟೆಯ ಹುಡುಗಿ, ಒನಕೆ ಹಿಡಿದು ಅಂಗೈಯಲ್ಲಿ ಬೊಬ್ಬೆ ಬರಿಸಿಕೊಂಡು, ಸಿಪ್ಪೆ ಬಿಡಿಸಿ, ಬೆಲ್ಲ ಕೊಬ್ಬರಿ ಹಾಕಿ ಕುದಿಸಿದ್ದಳು. ನಮ್ಮ ಮಗ ಪ್ರವೀಣಕುಮಾರ ಬಟ್ಟಲು ನೆಕ್ಕಿದ. ನಾನು ತುಪ್ಪ ಸುರಿಸಿಕೊಂಡು ಮತ್ತೆ ಮತ್ತೆ ಹಾಕಿಸಿಕೊಂಡೆ. "ನಿಮ್ಮತ್ತಿ ಕೈಗಿಂತ ಚಲೋ ಆಗೇದವಾ" ಎಂದೂ ಅಂದೆ, ಸಿಟ್ಟಾಗಬೇಡ. ಕೈ ತೊಳೆಯುವಾಗ ಗೋಧಿ ಎಲ್ಲಿಯದೆಂದು ಕೇಳಿದೆ. "ಅತ್ತಿಯಾರು ಗಡಗಿ ಬಾಯಿಗೆ ಸಗಣಿ ಮೆತ್ತಿ ಮರತು ಹೋಗ್ಯಾರ್ರಿ ಮಾವಾರ. ಹುಳಾ ಬಿದ್ದೀತಂತ ಎಲ್ಲಾ ಕುಟ್ಟೇನ್ರಿ" ಎಂದಳು. ಸಿಪ್ಪೆಯೊಂದಿಗೇ ಬಿತ್ತುವ ನಿನ್ನ ಜವೆಗೋಧಿ ಕಾಳು ಅದು, ಕುಟ್ಟಿದರೆ ಮೊಳೆಯುವುದಿಲ್ಲ. ಅದು ಬೀಜವೆಂದು ಅವಳಿಗೆ ಯಾರು ಹೇಳಿದ್ದರು? ನೀನೂ ಇಲ್ಲ, ನಾನೂ ಇಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. "ಚಲೋ ಮಾಡೀದಿ ಬಿಡವಾ" ಎಂದು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ.

ನಿನ್ನವ್ವ ಉಡಿಯಲ್ಲಿ ಕಟ್ಟಿಕೊಟ್ಟ ಬೀಜ. ಬಾವಿಯ ಮಗ್ಗುಲಿಗೆ ವರ್ಷ ವರ್ಷ ನೀನೇ ಬಿತ್ತುತ್ತಿದ್ದೆ. ಇದೆಂಥ ಒಕ್ಕಲುತನ ಎಂದು ನಾನು ನಗುತ್ತಿದ್ದೆ. ನಿನ್ನೆ ಬೀಜ ಕೇಳಲು ನಿನ್ನ ತವರು ಬೋನಾಳಕ್ಕೂ ಹೋಗಿ ಬಂದೆ. ನಿನ್ನ ತಮ್ಮ ಹಣಮೇಶ "ಈಗ ಅದನ್ಯಾರು ಬಿತ್ತತಾರ ಭಾವಾರ? ಕುಟ್ಟಾವರು ಯಾರದಾರ?" ಎಂದ. ಕುಟ್ಟುವವಳು ನಮ್ಮ ಮನೆಯಲ್ಲಿದ್ದಾಳೆ, ಬೀಜವಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು ಬಸ್ಸು ಹತ್ತಿದೆ. ನಿನ್ನೆದುರು ಹೇಗೆ ನಿಲ್ಲಲಿ ಎಂಬುದೇ ಚಿಂತೆ.

ಅಳಿಯಂದಿರಿಗೆ ನಮಸ್ಕಾರ, ಸುಮಂಗಲಾಳಿಗೆ ಆಶೀರ್ವಾದ.

ಇಂತಿ,
ದ್ಯಾವಪ್ಪ

ತಾ.ಕ.: ಕಾಗದ ಮಡಚುವಾಗ ಪ್ರವೀಣ ಬಂದು ಹೇಳಿದ, ಪರಿಮಳಾಗೆ ಮೂರು ತಿಂಗಳಂತೆ. ಬಯಕೆ ಏನವಾ ಎಂದು ಕೇಳಿದೆ. "ಅದ ಗಡಗಿ ಗೋಧಿ ಹುಗ್ಗಿರಿ. ಹೊಸಾ ಬೆಳಿ ಬರೂತನಕ ಕಾಯ್ತೀನ್ರಿ" ಎಂದಳು. ಬೈಯುವುದಿದ್ದರೆ ನನಗೇ ಬೈ, ಅವಳೆದುರು ಗಡಿಗೆಯ ಮಾತು ತೆಗೆಯಬೇಡ. ನಾನು ಹೂಂ ಅಂದುಬಿಟ್ಟಿದ್ದೇನೆ.